ಹೆಸರು ಬೇರೆ, ಕಡತ ಬೇರೆ

ತಿಪಟೂರು ಸೀಮೆಯ ಹಳೆ ಮನೆಗಳಲ್ಲಿ ಅಟ್ಟ ಎಂದರೆ ತೆಂಗಿನಕಾಯಿ ಕೊಬ್ಬರಿಯಾಗುವ ಜಾಗ. ನಮ್ಮ ಮನೆಯ ಅಟ್ಟದಲ್ಲಿ, ಕಾಯಿ ರಾಶಿಗೆ ತಗಲದ ಹಾಗೆ ಮೂಲೆಗೆ ಸರಿಸಿಟ್ಟ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ತಾತನ ತಂದೆಯ ಕಾಲದ ಒಂದು ಕಡತ. ನಮ್ಮದು ಶಾನುಭೋಗರ ಮನೆ. 1961ರ ಕಾನೂನಿನಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋದಮೇಲೆ ಸರ್ಕಾರಿ ಲೆಕ್ಕಗಳೆಲ್ಲ ದಫ್ತರದ ಬಟ್ಟೆಯ ಸಮೇತ ಮನೆ ಬಿಟ್ಟು ಹೋದವು. ಈ ಕಡತ ಮನೆಯ ಸ್ವಂತ ಲೆಕ್ಕದ್ದು, ಆದ್ದರಿಂದ ಉಳಿಯಿತು.

ಹತ್ತು ವರ್ಷದವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ತಾತ ಅದನ್ನು ಕೆಳಗಿಳಿಸಿ ಜಗಲಿಯ ಮೇಲೆ ಬಿಚ್ಚಿ ತೋರಿಸಿದರು. ಎರಡು ತುದಿಗೂ ಮರದ ಹಲಗೆ, ನಡುವೆ ಮಡಿಕೆ ಮಡಿಕೆಯಾಗಿ ಕೂತ ಕಪ್ಪು ಬಟ್ಟೆ. ಎಳೆದರೆ ಜಗಲಿಯ ಉದ್ದಕ್ಕೂ ಬಂತು. ಕಪ್ಪಿನ ಮೇಲೆ ಬೂದು ಬಿಳಿಯ ಸಣ್ಣ ಅಕ್ಷರಗಳು. ನಾನು ನೀರಿನ ಲೋಟ ಹಿಡಿದಿದ್ದ ಕೈಯಲ್ಲೇ ಒಂದು ಸಾಲಿನ ಮೇಲೆ ಬೆರಳಾಡಿಸಿದೆ. ಸಾಲು ಹೋಯಿತು. ತಾತ ಬೈಯಲಿಲ್ಲ. ಸ್ವಲ್ಪ ಹೊತ್ತು ಆ ಜಾಗವನ್ನೇ ನೋಡುತ್ತಿದ್ದು, "ಯಾರ ಲೆಕ್ಕವೋ ಏನೋ ಕಣಮ್ಮ, ಹೋಯ್ತು" ಎಂದು ಮಡಿಸಿಟ್ಟರು.

ಕಡತ ಮಾಡುವ ಕ್ರಮವನ್ನೂ ಅವರೇ ಹೇಳಿದ್ದರು. ಹುಣಸೆಬೀಜ ನೆನೆಸಿ ಅರೆದು ಕುದಿಸಿ ಅಂಟು ಮಾಡಬೇಕು, ಅದಕ್ಕೆ ಇದ್ದಿಲ ಪುಡಿ ಕಲಸಬೇಕು, ಹತ್ತಿಬಟ್ಟೆಯ ಎರಡೂ ಮಗ್ಗುಲಿಗೆ ಬಳಿದು ಒಣಗಿಸಬೇಕು. ಒಣಗಿದ ಮೇಲೆ ಒಂದೇ ಅಳತೆಯ ಮಡಿಕೆಗಳಾಗಿ ಮಡಿಸಬೇಕು, ಕತ್ತರಿಸಬಾರದು. ಬರೆಯುವುದು ಬಳಪದಲ್ಲಿ. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬರತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ಈ ಕಡತಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಆಗ ಮೈಸೂರು ಸೀಮೆಯ ವರ್ತಕರು, ಅಂಗಡಿಯವರೆಲ್ಲ ಇದರಲ್ಲೇ ಲೆಕ್ಕ ಬರೆಯುತ್ತಿದ್ದರಂತೆ. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲೂ ಕಡತಗಳಿವೆ.

ನಾನು ಮುಂದೆ ಬೆಂಗಳೂರಿಗೆ ಬಂದು ಗಣಿತ ಓದಿ, 1984ರಲ್ಲಿ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳಲ್ಲಿ ಅಲ್ಲಿಗೆ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಒಂದು ಯಂತ್ರ ಬಂತು. ಒಂದೇ ಪೆಟ್ಟಿಗೆ, ಅದರಿಂದ ತಂತಿ ಎಳೆದು ಕೂರಿಸಿದ ಎಂಟು ಟರ್ಮಿನಲ್ಲುಗಳು. ಅದರ ಜೊತೆಗೆ ಬಂದ ಕೈಪಿಡಿಯನ್ನು ಓದುತ್ತಿದ್ದಾಗ ಫೈಲು ಎಂದರೇನು ಎಂಬ ವಿವರಣೆಯಲ್ಲಿ ನಿಂತುಬಿಟ್ಟೆ. ಯುನಿಕ್ಸಿನ ಲೆಕ್ಕದಲ್ಲಿ ಫೈಲು ಎಂದರೆ ಬೈಟುಗಳ ಒಂದು ಉದ್ದನೆಯ ಸಾಲು, ಅಷ್ಟೇ. ಡಿಸ್ಕಿನ ಮೇಲೆ ಇಡುವಾಗ ಅದನ್ನು ಸಮ ಅಳತೆಯ ತುಂಡುಗಳಾಗಿ, ಆ ಕಾಲದಲ್ಲಿ ಹೆಚ್ಚಾಗಿ 512 ಬೈಟಿನವಾಗಿ, ಇಡುತ್ತದೆ. ಆದರೆ ಓದುವವರಿಗೆ ಸಿಗುವುದು ಎಲ್ಲೂ ಕತ್ತರಿಸದ ಸಾಲು. ನನಗೆ ಕಣ್ಣಮುಂದೆ ಬಂದದ್ದು ಜಗಲಿಯ ಮೇಲೆ ಬಿಚ್ಚಿಕೊಂಡ ಕಪ್ಪು ಬಟ್ಟೆ. ಇಂಗ್ಲಿಷಿನ 'ಫೈಲ್' ಎಂಬ ಮಾತು ಹುಟ್ಟಿದ್ದು ದಾರ ಎಂಬರ್ಥದ ಲ್ಯಾಟಿನ್ ಶಬ್ದದಿಂದ. ಬಿಡಿ ಕಾಗದಗಳನ್ನು ದಾರಕ್ಕೆ ಪೋಣಿಸುವುದು ಅದರ ಮೂಲಾರ್ಥ. ಇಂದು ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವೆ. ಯುನಿಕ್ಸಿನ ಫೈಲಿಗಂತೂ ಈ ಮಾತು ಮೂಲ ಇಂಗ್ಲಿಷಿಗಿಂತ ಚೆನ್ನಾಗಿ ಒಪ್ಪುತ್ತದೆ ಎಂದು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳಿದ್ದೇನೆ.

ಫೈಲು ಎಂದರೆ ಹೀಗೆ ಕತ್ತರಿಸದ ಸಾಲೇ ಆಗಬೇಕು ಎಂದೇನೂ ಇರಲಿಲ್ಲ. ಯುನಿಕ್ಸಿಗೂ ಹಿಂದಿನ ದೊಡ್ಡ ಯಂತ್ರಗಳಲ್ಲಿ ಫೈಲು ಎಂದರೆ ದಾಖಲೆಗಳ ಕಟ್ಟು. ಒಂದು ದಾಖಲೆಗೆ ಒಂದು ಅಳತೆ, ಅನೇಕ ವೇಳೆ ರಂಧ್ರ ಕೊರೆದ ರಟ್ಟಿನ ಕಾರ್ಡಿನ 80 ಕಂಬಸಾಲುಗಳ ಅಳತೆಯೇ. ಯಾವ ಬಗೆಯ ಕಟ್ಟು, ಎಷ್ಟುದ್ದದ ದಾಖಲೆ ಎಂದು ಮೊದಲೇ ಹೇಳದೆ ಯಂತ್ರ ಒಂದಕ್ಷರವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ನಡೆಸಿ ತೋರಿಸಿತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವುದು ಅದರ ಉದ್ದೇಶ. ಹಲವರು ಬಂದಮೇಲೆ ಯಾರದು ಯಾವುದು ಎಂಬ ಪ್ರಶ್ನೆ ಬಂತು. ಒಬ್ಬೊಬ್ಬರಿಗೂ ಅವರವರ ಫೈಲುಗಳ ಪಟ್ಟಿ, ಅಂದರೆ ಡೈರೆಕ್ಟರಿ, ಸಿಕ್ಕಿತು. ಒಬ್ಬರದನ್ನು ಇನ್ನೊಬ್ಬರು ನೋಡಬಾರದೆಂದು ಪಾಸ್‌ವರ್ಡ್ ಬಂತು. ಇವತ್ತು ನಾವು ಹತ್ತು ಕಡೆ ಕೊಡುವ ಪಾಸ್‌ವರ್ಡಿನ ಮೂಲ, ಪಕ್ಕದವರ ಕಡತಕ್ಕೆ ಕೈ ಹಾಕಬಾರದು ಎಂಬ ಆ ಕಟ್ಟಳೆಯಲ್ಲಿದೆ.

ಅದರ ಮುಂದಿನ ಕನಸು ಮಲ್ಟಿಕ್ಸ್. ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಮೂರೂ ಸೇರಿದ್ದ ಯೋಜನೆ. 1965ರಲ್ಲಿ ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್ ಒಂದು ಪ್ರಬಂಧ ಓದಿದರು. ಡೈರೆಕ್ಟರಿಯೊಳಗೆ ಫೈಲಷ್ಟೇ ಏಕೆ, ಇನ್ನೊಂದು ಡೈರೆಕ್ಟರಿಯೂ ಇರಬಹುದು, ಅದರೊಳಗೆ ಮತ್ತೊಂದು, ಬೇರಿನಿಂದ ಕೊಂಬೆಗೆ, ಕೊಂಬೆಯಿಂದ ರೆಂಬೆಗೆ ಎಂದು ಅವರು ವಿವರಿಸಿದರು. ಇವತ್ತಿನ ಫೋಲ್ಡರಿನೊಳಗಣ ಫೋಲ್ಡರುಗಳೆಲ್ಲ ಆ ಮರದ ಸಂತಾನ. ಆದರೆ ಮಲ್ಟಿಕ್ಸ್ ಬೇಗ ಮುಗಿಯಲಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್ ಕೈಬಿಟ್ಟಿತು. ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಅದರ ಸಂಶೋಧಕರಿಗೆ ಕೈಯಲ್ಲಿ ಯಂತ್ರವೂ ಇಲ್ಲ, ಯೋಜನೆಯೂ ಇಲ್ಲ ಎಂಬ ಸ್ಥಿತಿ.

ಆ ವರ್ಷ ಅವರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ, ರಡ್ ಕ್ಯಾನಡೇ ಮೂವರೂ ಕೂತು ಕರಿಹಲಗೆಯ ಮೇಲೆ ಒಂದು ಫೈಲ್ ವ್ಯವಸ್ಥೆಯ ನಕ್ಷೆ ಬರೆದರು. ಬೆಲ್ ಲ್ಯಾಬ್ಸಿನಲ್ಲಿ ಆಗ ಫೋನಿನಲ್ಲಿ ಹೇಳಿದ್ದನ್ನು ಬೆರಳಚ್ಚು ಮಾಡಿಕೊಡುವ ಸೇವೆಯಿತ್ತು. ಹಲಗೆಯ ಮೇಲಿದ್ದದ್ದನ್ನು ಕ್ಯಾನಡೇ ಫೋನಿನಲ್ಲಿ ಹೇಳಿ ಬರೆಸಿದರು, ಮೂವರಿಗೂ ಪ್ರತಿ ಸಿಕ್ಕಿತು. ನನಗೆ ಈ ಪ್ರಸಂಗ ಬಹಳ ಇಷ್ಟ. ಕರಿಹಲಗೆಯ ಮೇಲಿನ ಬಳಪದ ಗೆರೆ ಒರೆಸಿಹೋಗುವ ಮೊದಲು ಯಾರೋ ಒಬ್ಬರು ಅದನ್ನು ಕಾಗದಕ್ಕೆ ಇಳಿಸಿದರು.

ಥಾಂಪ್ಸನ್ ಅದನ್ನು ಕಟ್ಟಿದ್ದು ಪಿಡಿಪಿ-7 ಎಂಬ, ಯಾರೂ ಹೆಚ್ಚು ಬಳಸದೆ ಬಿದ್ದಿದ್ದ ಸಣ್ಣ ಯಂತ್ರದ ಮೇಲೆ. ಅವರ ಹೆಂಡತಿ ಎಳೆ ಮಗುವನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಅತ್ತೆಮಾವಂದಿರ ಮನೆಗೆ ಹೋಗಿದ್ದ ಕೆಲವು ವಾರಗಳಲ್ಲಿ, ಒಂದೊಂದು ಭಾಗಕ್ಕೆ ಒಂದೊಂದು ವಾರದಂತೆ, ಫೈಲ್ ವ್ಯವಸ್ಥೆಯ ಸುತ್ತ ಉಳಿದದ್ದನ್ನೂ ಬರೆದು ಮುಗಿಸಿದರು. ಯುನಿಕ್ಸ್ ಹುಟ್ಟಿದ್ದು ಹೀಗೆ. ಮೊದಲು ಬಂದದ್ದು ಕಡತ ಇಡುವ ಕ್ರಮ, ಉಳಿದ ಮನೆ ಅದರ ಸುತ್ತ ಎದ್ದಿತು.

ಆ ಮೊದಲ ಯುನಿಕ್ಸಿನಲ್ಲಿ ದಾರಿ ಇರಲಿಲ್ಲ. ಇಂದು ನಾವು ಓರೆಗೆರೆ ಹಾಕಿ ಈ ಡೈರೆಕ್ಟರಿಯೊಳಗಿನ ಆ ಡೈರೆಕ್ಟರಿಯೊಳಗಿನ ಆ ಫೈಲು ಎಂದು ಒಂದೇ ಉಸಿರಿಗೆ ಬರೆಯುತ್ತೇವಲ್ಲ, ಅದು ಆಗ ಆಗುತ್ತಿರಲಿಲ್ಲ. ನಿಂತ ಜಾಗದಲ್ಲಿ ಇರುವ ಹೆಸರುಗಳಷ್ಟೇ ಯಂತ್ರಕ್ಕೆ ಗೊತ್ತು. ಎಲ್ಲ ಬಳಕೆದಾರರ ಡೈರೆಕ್ಟರಿಗಳನ್ನೂ ಹೆಸರಿಸುವ 'ಡಿಡಿ' ಎಂಬ ಒಂದು ಡೈರೆಕ್ಟರಿ ಇತ್ತು. ಬೇರೆಯವರ ಫೈಲು ಬೇಕಾದರೆ ಅಲ್ಲಿಂದ ಒಂದು ಕೊಂಡಿಯನ್ನು ತನ್ನ ಜಾಗಕ್ಕೆ ತಂದುಕೊಂಡು, ಕೆಲಸವಾದ ಮೇಲೆ ಕಿತ್ತುಹಾಕಬೇಕು. ಯಂತ್ರ ನಡೆಯುತ್ತಿರುವಾಗ ಹೊಸ ಡೈರೆಕ್ಟರಿ ಮಾಡುವ ಉಪಾಯವೂ ಇರಲಿಲ್ಲ. ಕಾಗದದ ಟೇಪಿನಿಂದ ಇಡೀ ವ್ಯವಸ್ಥೆಯನ್ನು ಹೊಸದಾಗಿ ತುಂಬುವಾಗ ಎಷ್ಟು ಮಾಡಿಕೊಂಡರೋ ಅಷ್ಟೇ. ಮುಂದೆ ಪಿಡಿಪಿ-11 ಎಂಬ ಹೊಸ ಯಂತ್ರ ಬಂದ ಮೇಲೆ ದಾರಿಯೂ ಓರೆಗೆರೆಯೂ ಬಂದವು. 1971ರಲ್ಲಿ ಆ ಯಂತ್ರವನ್ನು ದಿನನಿತ್ಯದ ಕೆಲಸಕ್ಕೆ ಮೊದಲು ಬಳಸಿದ, ತಂಡದ ಹೊರಗಿನವರು ವಿಜ್ಞಾನಿಗಳಲ್ಲ, ಬೆಲ್ ಲ್ಯಾಬ್ಸಿನ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು. ಅರ್ಜಿಗಳನ್ನು ಬೆರಳಚ್ಚು ಮಾಡಿ, ತಿದ್ದಿ, ಮತ್ತೆ ತೆಗೆದು ಕೊಡುವ ಕೆಲಸ. ಗುಮಾಸ್ತರ ಕೈಯಲ್ಲಿ ಪರೀಕ್ಷೆಗೊಳಗಾದ ವ್ಯವಸ್ಥೆ ಇದು ಎಂಬುದನ್ನು ಚರಿತ್ರೆ ಹೇಳುವವರು ಒಂದೇ ಸಾಲಿನಲ್ಲಿ ದಾಟಿಸುತ್ತಾರೆ. ನನಗೆ ಅದು ದೊಡ್ಡ ಸಂಗತಿ.

ಆ ಕರಿಹಲಗೆಯ ನಕ್ಷೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುವ ಭಾಗ ಬೇರೆ ಇದೆ. ಮಕ್ಕಳಿಗೆ ಅದನ್ನು ನಾನು ವಿವರಿಸುತ್ತಿದ್ದದ್ದು ಹೊಲದ ಉದಾಹರಣೆಯಿಂದ.

ನಮ್ಮೂರಲ್ಲಿ ಒಂದು ಹೊಲಕ್ಕೆ 'ಆಲದಮರದ ಹೊಲ' ಅನ್ನುತ್ತಾರೆ. ಮರ ಬಿದ್ದು ಎಷ್ಟೋ ಕಾಲವಾಯಿತು. ಅದೇ ಹೊಲಕ್ಕೆ ಆಚೆ ಕೇರಿಯವರು ಬೇರೆ ಹೆಸರು ಹೇಳುತ್ತಾರೆ. ಪಹಣಿಯಲ್ಲಿ ಎರಡೂ ಹೆಸರಿಲ್ಲ, ಸರ್ವೆ ನಂಬರು ಇದೆ. ಹೊಲದ ವಿಸ್ತೀರ್ಣ, ಒಡೆಯ, ಕಂದಾಯ ಎಲ್ಲವೂ ಆ ನಂಬರಿಗೆ ಅಂಟಿಕೊಂಡಿವೆ, ಹೆಸರಿಗಲ್ಲ. ಯುನಿಕ್ಸಿನಲ್ಲಿ ಆ ನಂಬರಿನ ಪುಟಕ್ಕೆ ಐನೋಡ್ ಎಂದು ಹೆಸರು. ಫೈಲು ಯಾರದು, ಎಷ್ಟುದ್ದ, ಯಾರು ಓದಬಹುದು, ಕೊನೆಗೆ ತಿದ್ದಿದ್ದು ಯಾವಾಗ, ಅದರ ತುಂಡುಗಳು ಡಿಸ್ಕಿನ ಯಾವ ಯಾವ ಜಾಗದಲ್ಲಿವೆ, ಎಲ್ಲ ಅಲ್ಲಿದೆ. ಅಲ್ಲಿ ಇಲ್ಲದ್ದು ಒಂದೇ, ಹೆಸರು. ಹೆಸರು ಇರುವುದು ಡೈರೆಕ್ಟರಿಯಲ್ಲಿ. ಡೈರೆಕ್ಟರಿಯೂ ಒಂದು ಫೈಲೇ, ಒಳಗೆ ಬರೀ ಜೋಡಿಗಳು: ಒಂದು ನಂಬರು, ಒಂದು ಹೆಸರು. ಒಂದೇ ನಂಬರಿಗೆ ಎರಡು ಡೈರೆಕ್ಟರಿಗಳಲ್ಲಿ ಎರಡು ಹೆಸರಿರಬಹುದು, ಎರಡೂ ಸಮಾನ, ಒಂದು ಅಸಲು ಇನ್ನೊಂದು ನಕಲು ಎಂಬುದಿಲ್ಲ. ಎಷ್ಟು ಹೆಸರುಗಳಿವೆ ಎಂಬ ಎಣಿಕೆ ಮಾತ್ರ ಐನೋಡಿನಲ್ಲಿರುತ್ತದೆ. ಅಳಿಸುವುದು ಎಂದರೆ ಹೆಸರು ತೆಗೆಯುವುದು. ಕೊನೆಯ ಹೆಸರೂ ಹೋಗಿ, ಅದನ್ನು ತೆರೆದಿಟ್ಟುಕೊಂಡವರೂ ಯಾರೂ ಇಲ್ಲವಾದಾಗ ಯಂತ್ರ ಆ ಜಾಗವನ್ನು ಖಾಲಿ ಜಾಗದ ಪಟ್ಟಿಗೆ ಸೇರಿಸುತ್ತದೆ.

ಇದನ್ನು ಕಲಿಸುತ್ತಿದ್ದವಳೇ ಒಂದು ಸಂಜೆ ಅದರ ಪೆಟ್ಟು ತಿಂದೆ. ವರ್ಷ 1989. ಆ ಅವಧಿಯ ಅಂಕಪಟ್ಟಿಗಳೆಲ್ಲ ಒಂದು ಡೈರೆಕ್ಟರಿಯಲ್ಲಿದ್ದವು. 'ಹಳೆ' ಎಂದು ಶುರುವಾಗುವ ಬೇಡದ ಫೈಲುಗಳನ್ನಷ್ಟೇ ತೆಗೆಯಬೇಕಿತ್ತು. ಆರ್‌ಎಂ ಆಜ್ಞೆ ಬರೆದು, ಆ ಪದದ ಮುಂದೆ ನಕ್ಷತ್ರದ ಗುರುತು ಒತ್ತಬೇಕು. ಪದಕ್ಕೂ ನಕ್ಷತ್ರಕ್ಕೂ ನಡುವೆ ಬೆರಳು ತಪ್ಪಿ ಒಂದು ಖಾಲಿ ಜಾಗ ಬಿತ್ತು. ಯಂತ್ರ ಅದನ್ನು ಎರಡು ಮಾತಾಗಿ ಓದಿಕೊಂಡಿತು: 'ಹಳೆ' ಎಂಬ ಫೈಲನ್ನೂ ತೆಗೆ, ಇಲ್ಲಿರುವ ಎಲ್ಲವನ್ನೂ ತೆಗೆ. ಕೇಳಲಿಲ್ಲ, ತಡೆಯಲಿಲ್ಲ. ನಕಲು ಟೇಪು ಎರಡು ತಿಂಗಳು ಹಿಂದಿನದಿತ್ತು. ಅಕ್ಷರಗಳು ಇನ್ನೂ ಡಿಸ್ಕಿನ ಮೇಲೇ ಎಲ್ಲೋ ಇವೆ, ಅವುಗಳ ದಾರಿ ಮಾತ್ರ ಹೋಗಿದೆ ಎಂದು ಗೊತ್ತಿತ್ತು. ಉಳಿದ ಏಳು ಟರ್ಮಿನಲ್ಲುಗಳಲ್ಲಿ ವಿದ್ಯಾರ್ಥಿಗಳು ಬರೆಯುತ್ತಿದ್ದರು. ಅವರು ಒತ್ತುವ ಒಂದೊಂದು ಕೀಲಿಯೂ ಆ ಖಾಲಿಯಾದ ಜಾಗಕ್ಕೇ ಹೋಗಿ ಕೂರಬಹುದಿತ್ತು. "ಎಲ್ಲರೂ ನಿಲ್ಲಿಸಿ" ಎಂದು ಕೂಗಿದೆ. ಕೂಗಿದ್ದರಿಂದ ಪ್ರಯೋಜನವಾಗಲಿಲ್ಲ. ಮೂರು ರಾತ್ರಿ ಕೂತು ಉತ್ತರಪತ್ರಿಕೆಗಳಿಂದ ಮತ್ತೆ ತುಂಬಿದೆ. ಆ ರಾತ್ರಿಗಳಲ್ಲಿ ತಾತನ ಮಾತು ಎಷ್ಟು ಸಲ ಕಿವಿಗೆ ಬಿತ್ತೋ.

ಅದೇ ಯಂತ್ರದಲ್ಲಿ ನನ್ನನ್ನು ಇನ್ನೊಂದು ರೀತಿಯಲ್ಲಿ ಕಾಡಿದ್ದು ಹೆಸರಿನ ಉದ್ದ. ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಫೈಲಿನ ಹೆಸರಿಗೆ ಹೆಚ್ಚೆಂದರೆ 14 ಅಕ್ಷರ ಎಂದಿದೆ. ಡೈರೆಕ್ಟರಿಯ ಒಂದು ಜೋಡಿಗೆ 16 ಬೈಟು, ಎರಡು ನಂಬರಿಗೆ, 14 ಹೆಸರಿಗೆ. ಪುಟ್ಟ ಡಿಸ್ಕುಗಳ ಕಾಲದ ಮಿತವ್ಯಯ ಅದು. ಅದೂ ಉದಾರವೇ. ಮೈಕ್ರೋಸಾಫ್ಟಿನ ಡಾಸ್‌ನಲ್ಲಿ ಎಂಟು ಅಕ್ಷರ, ಒಂದು ಚುಕ್ಕಿ, ಮೂರು ಅಕ್ಷರ. 1981ರ ಮೊದಲ ಡಾಸ್‌ನಲ್ಲಿ ಡೈರೆಕ್ಟರಿಯೊಳಗೆ ಡೈರೆಕ್ಟರಿ ಇರಲೇ ಇಲ್ಲ, 1983ರಲ್ಲಿ ಬಂತು. ಓರೆಗೆರೆಯನ್ನು ಆಗಲೇ ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದರಿಂದ ಅವರು ಎಡಕ್ಕೆ ವಾಲಿದ ಗೆರೆ ಹಿಡಿದರು. 1983ರಲ್ಲೇ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಹೆಸರಿನ ಉದ್ದವನ್ನು 255 ಬೈಟಿಗೆ ಏರಿಸಿತು.

ಆದರೆ ಎಷ್ಟು ಉದ್ದವಾದರೇನು, ಹೆಸರು ಕನ್ನಡದಲ್ಲಿ ಬರೆಯಲಾಗುತ್ತಿರಲಿಲ್ಲ. ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳು ಬಂದ ಕಾಲವನ್ನು ಕಂಡವರಿಗೆ ಇದು ನೆನಪಿರುತ್ತದೆ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸುತ್ತಿದ್ದವು. ಕಡತದ ಒಳಗೆ ಚಂದದ ಕನ್ನಡ ಕಾಣುತ್ತಿತ್ತು. ಹೆಸರಿಗೆ ಫಾಂಟು ಹಾಕಲು ಬರುವುದಿಲ್ಲವಲ್ಲ, ಆದ್ದರಿಂದ ಹೊರಗೆ 'ಪತ್ರ1', 'ಪತ್ರ2' ಎಂದು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ಮನೆಯೊಳಗೆ ಕನ್ನಡ, ಬಾಗಿಲ ಮೇಲಿನ ಫಲಕ ಇಂಗ್ಲಿಷ್. ನನ್ನ ವಿದ್ಯಾರ್ಥಿಗಳು ಇದೇ ಸಹಜ ಎಂದು ಒಪ್ಪಿಕೊಂಡಿದ್ದರು. ನನಗೆ ಒಪ್ಪಿಕೊಳ್ಳಲಾಗಲಿಲ್ಲ.

ಬಾಗಿಲು ತೆರೆದದ್ದು ಮತ್ತೆ ಆ ಥಾಂಪ್ಸನ್ ಅವರೇ, ಅದೂ ಕಡತದ ಹೆಸರಿನ ತೊಡಕಿನಿಂದಲೇ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ 1991ರಲ್ಲಿ ಮೊದಲು ಹೊರಬಂತು, ಕನ್ನಡವೂ ಅದರಲ್ಲಿತ್ತು. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಮೊದಲ ಕ್ರಮಗಳಲ್ಲೊಂದು, ಅಕ್ಷರದ ಒಳತುಂಡುಗಳಲ್ಲಿ ಓರೆಗೆರೆಯ ಬೈಟೇ ಬಂದು ಕೂರುವಂತಿತ್ತು. ಯುನಿಕ್ಸಿಗೆ ಹೆಸರಿನಲ್ಲಿ ಏನು ಬರೆದಿದೆ ಎಂಬುದು ಬೇಕಿಲ್ಲ, ಬೈಟುಗಳಿದ್ದರೆ ಸಾಕು. ಎರಡನ್ನು ಮಾತ್ರ ಅದು ಒಪ್ಪುವುದಿಲ್ಲ: ಓರೆಗೆರೆ ಮತ್ತು ಸೊನ್ನೆ ಬೈಟು. ಹೆಸರಿನ ನಡುವೆ ಓರೆಗೆರೆ ನುಸುಳಿದರೆ ಯಂತ್ರ ಅಲ್ಲಿ ಒಂದು ಡೈರೆಕ್ಟರಿ ಹುಡುಕುತ್ತದೆ. 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಥಾಂಪ್ಸನ್, ಸಹೋದ್ಯೋಗಿ ರಾಬ್ ಪೈಕ್ ಎದುರಿಗೆ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಹೊಸ ಕ್ರಮವನ್ನು ಬರೆದರು. ಹಳೆಯ ಇಂಗ್ಲಿಷ್ ಅಕ್ಷರಗಳು ಇದ್ದ ಹಾಗೇ ಒಂದು ಬೈಟು. ಉಳಿದ ಲಿಪಿಗಳ ಯಾವ ತುಂಡೂ ಆ ಹಳೆಯ ಬೈಟುಗಳಂತೆ ಕಾಣಕೂಡದು. ಅದಕ್ಕೆ ಮೊದಲಿದ್ದ ಹೆಸರಿನ ಅರ್ಥವೇ ಫೈಲ್ ವ್ಯವಸ್ಥೆಗೆ ಕೇಡಾಗದ ಕ್ರಮ ಎಂದು. ಈಗ ಅದನ್ನು ಯುಟಿಎಫ್-8 ಎನ್ನುತ್ತಾರೆ. ನೀವು ಫೋನಿನಲ್ಲಿ ಓದುವ ಕನ್ನಡವೆಲ್ಲ ಹೆಚ್ಚುಕಡಿಮೆ ಆ ಕಾಗದದ ಲೆಕ್ಕದಲ್ಲೇ ಬರುತ್ತದೆ.

ಹೆಸರು ಬೇರೆ, ಕಡತ ಬೇರೆ ಎಂದು 1969ರಲ್ಲಿ ಅವರು ತೀರ್ಮಾನಿಸಿದ್ದರು. ಹೆಸರನ್ನು ಯಂತ್ರ ಓದಿ ಅರ್ಥಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಅದರಿಂದಾಗಿ ಕನ್ನಡದ ಹೆಸರಿಗಾಗಿ ಆ ಹಳೆಯ ವ್ಯವಸ್ಥೆಯ ತಳಪಾಯ ಅಗೆಯಬೇಕಾಗಲಿಲ್ಲ.

ಲೆಕ್ಕ ಮಾತ್ರ ಹೊಸದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. 'ಕನ್ನಡ' ಎಂಬ ಪದದಲ್ಲಿ ಯಂತ್ರ ಎಣಿಸುವುದು ಐದು ಸಂಕೇತ, ಕ, ನ, ವಿರಾಮ, ನ, ಡ. ಒಟ್ಟು 15 ಬೈಟು. ಹಳೆಯ ಯುನಿಕ್ಸಿನ ಮಿತಿ 14. ನಮ್ಮ ಭಾಷೆಯ ಹೆಸರು ಆ ಜಾಗಕ್ಕೆ ಒಂದು ಬೈಟಿನಿಂದ ಹಿಡಿಸದೆ ಹೋಗುತ್ತಿತ್ತು ಎಂದು ಮೊದಲ ಸಲ ಎಣಿಸಿದ ದಿನ ನಾನು ಮತ್ತೆ ಮತ್ತೆ ಎಣಿಸಿದೆ.

ಇನ್ನೂ ಒಂದು ತೊಡಕು ಉಳಿದಿದೆ, ಕನ್ನಡದಲ್ಲಿ ಕೆಲಸ ಮಾಡುವ ಹುಡುಗರಿಗೆ ಇದನ್ನು ಹೇಳಲೇಬೇಕು. 'ಕೊಡಗು' ಎಂಬ ಹೆಸರಿನ 'ಕೊ'ವನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು, ಒಕಾರದ ಒಂದೇ ಸಂಕೇತವಾಗಿ, ಇಲ್ಲವೇ ಎಕಾರಕ್ಕೆ ಊಕಾರದ ಕೊಂಬು ಸೇರಿಸಿ. ಕಣ್ಣಿಗೆ ಎರಡೂ ಒಂದೇ. ಬೈಟುಗಳಲ್ಲಿ ಒಂದು 15, ಇನ್ನೊಂದು 18. ಯುನಿಕ್ಸಿನ ಮಾದರಿಯಲ್ಲೇ ಬಂದ ಲಿನಕ್ಸಿನ ಮಾಮೂಲು ಫೈಲ್ ವ್ಯವಸ್ಥೆ ಬೈಟು ಮಾತ್ರ ನೋಡುವುದರಿಂದ ಒಂದೇ ಡೈರೆಕ್ಟರಿಯಲ್ಲಿ ಎರಡು 'ಕೊಡಗು'ಗಳು ಅಕ್ಕಪಕ್ಕ ಕೂರಬಲ್ಲವು. ಹುಡುಕಿದವರಿಗೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಹಳೆಯ ದಾಖಲೆಗಳನ್ನು ಕನ್ನಡದ ಹೆಸರಿನಲ್ಲಿ ಇಡುವವರು ಯಾವ ರೂಪ ಎಂದು ಮೊದಲೇ ನಿಶ್ಚಯ ಮಾಡಿಕೊಳ್ಳಬೇಕು.

ಹೋದ ವರ್ಷ ಊರಿನ ಮನೆ ಇಳಿಸಿದರು. ಪೆಟ್ಟಿಗೆ ನನ್ನ ಪಾಲಿಗೆ ಬಂತು. ತಮ್ಮನ ಮಗಳು ಬಂದು ಎರಡು ದಿನ ಕೂತು ಕಡತದ ಒಂದೊಂದು ಮಡಿಕೆಯ ಎರಡೂ ಮಗ್ಗುಲನ್ನು ಫೋಟೊ ತೆಗೆದಳು. ಡೈರೆಕ್ಟರಿಗೆ ಹೆಸರೇನಿಡಲಿ ಅತ್ತೆ ಎಂದಳು. 'ತಾತನ ಕಡತ' ಎಂದೆ. ನಡುವಿನ ಖಾಲಿ ಜಾಗಕ್ಕೆ ಒಂದು ಸೇರಿ 22 ಬೈಟು. ಖಾಲಿ ಜಾಗ ಬಿಡಬೇಡ, ಅಡಿಗೆರೆ ಹಾಕು ಎಂದು ಮತ್ತೆ ತಿದ್ದಿಸಿದೆ. 1989ರ ನಂತರ ಹೆಸರಿನಲ್ಲಿ ಖಾಲಿ ಜಾಗ ಕಂಡರೆ ನನ್ನ ಕೈ ತಡೆಯುತ್ತದೆ.

ನಾನು ಒರೆಸಿದ ಸಾಲನ್ನು ಹುಡುಕಿದೆ. ಐದನೆಯ ಮಡಿಕೆ. ದೀಪವನ್ನು ಪಕ್ಕದಿಂದ, ಓರೆಯಿಂದ, ಕೆಳಗಿನಿಂದ ಹಿಡಿದು ತೆಗೆಸಿದೆವು. ಮೇಲಿನ ಸಾಲಿನಲ್ಲಿ ರಾಗಿಯ ಲೆಕ್ಕವಿದೆ, ಕೆಳಗಿನದರಲ್ಲಿ ಯಾರಿಗೋ ಕೊಟ್ಟ ಬೀಜದ್ದು. ನಡುವೆ ಬೆರಳಗಲದ ಕಪ್ಪು. ಅಲ್ಲಿ ಏನೂ ಮೂಡಲಿಲ್ಲ. ಆ ಒಂದು ಫೋಟೊಗೆ ಮಾತ್ರ ನಂಬರು ಕೊಡದೆ 'ಒರೆಸಿದ_ಸಾಲು' ಎಂದು ಹೆಸರಿಟ್ಟಿದ್ದೇವೆ. ಮುತ್ತಜ್ಜನದು ಕೂಡಕ್ಷರದ ಕೈಬರಹ, ನಿಧಾನಕ್ಕೆ ಓದಬೇಕು. ಈ ವಾರ ಒಂಬತ್ತನೆಯ ಮಡಿಕೆಯಲ್ಲಿದ್ದೇನೆ.